ಕಲಿಸಲು ಬಂದವರು ಕನ್ನಡ ಕಲಿತರು

ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೋಬಳಿ ಕೇಂದ್ರವಾಗಿರುವ ಊರು. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯ ಇಲ್ಲಿನ ಹೆಮ್ಮೆ. ಈ ಊರಿಗೂ, ಕ್ರೈಸ್ತಮತ ಪ್ರಚಾರಕ್ಕೆಂದು ಇಂಗ್ಲೆಂಡಿನಿಂದ ಬೆಂಗಳೂರಿಗೆ ಬಂದಿಳಿದ ಒಂದು ಸಂಸಾರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಉಂಟು. ಹಳೆಯ ಮೈಸೂರು ಸೀಮೆಯಲ್ಲಿ ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕು ಎಂಬ ಯೋಜನೆ ಆ ಮನೆಯ ಮಗನ ಹೆಸರಿನೊಂದಿಗೆ ಸೇರಿಕೊಂಡಿದೆ. ಕಡೂರು ಸೀಮೆಯ ಕಲ್ಲುಗಳ ಮೇಲಿನ ಹಳಗನ್ನಡವನ್ನು ಓದಿಸಿ, ಅಚ್ಚು ಹಾಕಿಸಿ, ಪುಸ್ತಕವಾಗಿ ನಮ್ಮ ಕೈಗೆ ಕೊಟ್ಟವರೂ ಅವರೇ. ಅವರ ಹೆಸರು ಬಿ. ಎಲ್. ರೈಸ್. ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ಹೆಸರಿನ ಹಿಂದೆ ಒಬ್ಬ ಪಾದ್ರಿ ತಂದೆ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಒಬ್ಬ ತಾಯಿ, ಕನ್ನಡ ಸಾಹಿತ್ಯ ಚರಿತ್ರೆ ಬರೆದ ಒಬ್ಬ ತಮ್ಮ ಇದ್ದರು ಎಂಬುದು ಅಷ್ಟಾಗಿ ತಿಳಿದಿಲ್ಲ.

ಕಲಿಸುತ್ತೇವೆ ಎಂದು ಹೊರಟು ಬಂದವರು ಮೊದಲು ವಿದ್ಯಾರ್ಥಿಗಳಾಗಿ ಕುಳಿತುಕೊಳ್ಳಬೇಕಾಯಿತು. ಈ ಸಂಸಾರದ ಕಥೆಯ ತಿರುಳು ಇಷ್ಟೇ.

ಆಫ್ರಿಕಾದ ತುದಿ ಸುತ್ತಿ

ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಬೆಂಗಳೂರಿಗೆ ಬಂದದ್ದು 1837ರಲ್ಲಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಹಾಯಿಹಡಗುಗಳು ಆಫ್ರಿಕಾ ಖಂಡದ ದಕ್ಷಿಣ ತುದಿಯನ್ನು ಸುತ್ತಿಕೊಂಡೇ ಬರಬೇಕಿತ್ತು. ಅದು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ. ದಾರಿಯಲ್ಲಿ ಸಿಗುವ ಆ ದಕ್ಷಿಣ ಆಫ್ರಿಕಾದಲ್ಲೂ ಇದೇ ಸೊಸೈಟಿಯ ಕೆಲಸಗಾರರು 1799ರಿಂದ ನೆಲೆಸಿದ್ದರು.

ಅವರಲ್ಲಿ ಹೆಸರಾದವರು ರಾಬರ್ಟ್ ಮೊಫಾಟ್. ಸ್ಕಾಟ್ಲೆಂಡಿನಲ್ಲಿ ತೋಟದ ಕೆಲಸ ಕಲಿತಿದ್ದ ಯುವಕ. 1817ರಲ್ಲಿ ಆಫ್ರಿಕಾ ಮುಟ್ಟಿದರು. ಅವರನ್ನು ಮದುವೆಯಾಗಲೆಂದು ಮೇರಿ ಸ್ಮಿತ್ ಎಂಬ ತರುಣಿ ಒಬ್ಬಳೇ ಹಡಗು ಹತ್ತಿ ಹೋದಳು. 1819ರಲ್ಲಿ ಕೇಪ್‌ಟೌನಿನಲ್ಲಿ ಮದುವೆ ನಡೆಯಿತು. ಕುರುಮನ್ ಎಂಬಲ್ಲಿ ಬೀಡು ಬಿಟ್ಟ ಈ ದಂಪತಿಗಳ ಮೊದಲ ವರ್ಷಗಳು ಸುಖದವಲ್ಲ. ಮಳೆ ಬರದೇ ಹೋದಾಗ, ಈ ಪರಕೀಯರು ಬಂದದ್ದರಿಂದಲೇ ಮೋಡ ಓಡಿಹೋಯಿತು ಎಂದು ಊರವರು ಸಿಟ್ಟಾದರು. ಜಾಗ ಖಾಲಿ ಮಾಡಿ ಎಂದು ಈಟಿ ಹಿಡಿದು ಬಂದು ನಿಂತದ್ದೂ ಉಂಟು. ವರ್ಷಗಳು ಉರುಳಿದರೂ ಅವರ ಮಾತು ಕೇಳಿ ಮತ ಸ್ವೀಕರಿಸಿದವರು ಯಾರೂ ಇರಲಿಲ್ಲ. ಅಲ್ಲಿ ಮೊದಲ ದೀಕ್ಷಾಸ್ನಾನ ನಡೆದದ್ದು 1829ರಲ್ಲಿ.

ತೊಡಕು ಎಲ್ಲಿತ್ತು? ಬಹುಪಾಲು ನಾಲಗೆಯಲ್ಲೇ ಇತ್ತು. ಮೊಫಾಟ್ ಮೊದಮೊದಲು ದುಭಾಷಿಯನ್ನು ನೆಚ್ಚಿಕೊಂಡಿದ್ದರು. ಆತ್ಮದ ಉದ್ಧಾರ ಬಹು ದೊಡ್ಡ ವಿಷಯ ಎಂದು ಅವರು ಗಂಭೀರವಾಗಿ ಹೇಳಿದರೆ, ಆತ್ಮದ ಉದ್ಧಾರ ಬಹು ದೊಡ್ಡ ಚೀಲ ಎಂದು ದುಭಾಷಿ ಅನುವಾದಿಸುತ್ತಿದ್ದನಂತೆ! ಇದನ್ನು ಮೊಫಾಟರೇ ನೆನಪಿಸಿಕೊಂಡಿದ್ದಾರೆ. ಕೊನೆಗೆ 1827ರಲ್ಲಿ ಅವರು ಹೆಂಡತಿ ಮಕ್ಕಳನ್ನು ಕುರುಮನ್ನಿನಲ್ಲಿ ಬಿಟ್ಟು, ಇಂಗ್ಲಿಷಿನ ಗಾಳಿಯೂ ಸುಳಿಯದ ಕಡೆ ಹೋಗಿ, ಸೆತ್ಸ್ವಾನಾ ಮಾತನಾಡುವ ಜನರ ನಡುವೆ ವಾರಗಟ್ಟಲೆ ಇದ್ದು ಭಾಷೆ ಕಲಿತರು. ಆಮೇಲೆಯೇ ಕೆಲಸ ಸಾಗಿದ್ದು. 1830ರಲ್ಲಿ ಲೂಕನ ಸುವಾರ್ತೆಯನ್ನು ಆ ಭಾಷೆಗೆ ತಂದು, ಅಚ್ಚುಮೊಳೆ ಜೋಡಿಸುವುದನ್ನೂ ಕಲಿತು, ಮರುವರ್ಷ ಮುದ್ರಣಯಂತ್ರವನ್ನೇ ಕುರುಮನ್ನಿಗೆ ಸಾಗಿಸಿದರು. 1857ರ ಹೊತ್ತಿಗೆ ಇಡೀ ಬೈಬಲ್ ಸೆತ್ಸ್ವಾನಾ ಭಾಷೆಯಲ್ಲಿತ್ತು.

ಬೆಂಗಳೂರಿಗೆ ಬಂದ ರೈಸರ ಮುಂದಿದ್ದ ಸಮಸ್ಯೆ ಇದೇ ಜಾತಿಯದು, ಆದರೆ ತಿರುಗುಮುರುಗು. ಸೆತ್ಸ್ವಾನಾ ಜನರಲ್ಲಿ ಗಾದೆ, ಹಾಡು, ಹೊಗಳಿಕೆಯ ಪದಗಳು ಬಾಯಿಂದ ಬಾಯಿಗೆ ಹರಿಯುತ್ತಿದ್ದವು. ಬರೆದಿಟ್ಟ ಗ್ರಂಥಗಳಿರಲಿಲ್ಲ. ಕನ್ನಡದಲ್ಲಾದರೋ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಿಂದ ಹಿಡಿದು ಸಾವಿರ ವರ್ಷದ ಓಲೆಗರಿ ಸಾಹಿತ್ಯ, ಅದಕ್ಕೂ ಹಿಂದಿನ ಕಲ್ಬರಹಗಳು ಇದ್ದವು. ಅಲ್ಲಿ ಪುಸ್ತಕವನ್ನು ಹುಟ್ಟಿಸಬೇಕಿತ್ತು. ಇಲ್ಲಿ ಇದ್ದ ಪುಸ್ತಕಗಳನ್ನು ಓದಲು ಕಲಿಯಬೇಕಿತ್ತು.

ಪೇಟೆಯ ಕನ್ನಡ

ರೈಸ್ ದಂಪತಿಗಳು ಬಂದಾಗ ಬೆಂಗಳೂರು ಎರಡು ಊರಾಗಿತ್ತು. ಒಂದು ಕಡೆ ಬ್ರಿಟಿಷ್ ಸೈನ್ಯವಿದ್ದ ದಂಡು, ಇನ್ನೊಂದು ಕಡೆ ಕೋಟೆ ಮತ್ತು ಪೇಟೆ. ಮೈಸೂರು ರಾಜ್ಯದ ಆಡಳಿತವನ್ನು 1831ರಲ್ಲಿ ಬ್ರಿಟಿಷರು ಕೈಗೆ ತೆಗೆದುಕೊಂಡಿದ್ದರು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್. ಲಂಡನ್ ಮಿಷನ್ ಬೆಂಗಳೂರಿನಲ್ಲಿ ಕೆಲಸ ತೊಡಗಿ ಆಗಲೇ ಹದಿನೇಳು ವರ್ಷಗಳಾಗಿದ್ದವು. ದಂಡಿನಲ್ಲಿ ಇಂಗ್ಲಿಷ್ ಮತ್ತು ತಮಿಳು ನಡೆಯುತ್ತಿದ್ದವು. ಆದರೆ ಪೇಟೆಗೆ ಹೋಗಬೇಕಾದರೆ, ಅದರಾಚೆಯ ಹಳ್ಳಿಗಳಿಗೆ ಕಾಲಿಡಬೇಕಾದರೆ ಕನ್ನಡವಿಲ್ಲದೆ ಆಗದು.

ಕನ್ನಡ ಕಲಿಯಲು ಹೊರಟವರಿಗೆ ಆಗ ಆಸರೆಗಳು ಸ್ವಲ್ಪ ಇದ್ದವು. ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ವಿಲಿಯಂ ರೀವ್ ಎಂಬವರು ನಿಘಂಟು ಸಿದ್ಧಪಡಿಸಿದ್ದರು. ಆದರೆ ನಿಘಂಟು ಬಾಯಿಪಾಠ ಮಾಡಿದವನಿಗೆ ಸಂತೆಯ ಮಾತು ತಿಳಿಯುವುದಿಲ್ಲ. ಪಂಡಿತರ ಕನ್ನಡ ಒಂದು, ಅಂಗಡಿಯ ಕನ್ನಡ ಇನ್ನೊಂದು, ಹೊಲದಲ್ಲಿ ಕೇಳುವ ಕನ್ನಡ ಮತ್ತೊಂದು. ಹ್ಯಾಂಡ್ಸರ ಮೊದಲ ಅನುವಾದವನ್ನು ಜನರಿಗೆ ಅರ್ಥವಾಗುವಂತೆ ತಿದ್ದಬೇಕು ಎಂಬ ಅಗತ್ಯ ಬೇಗನೆ ಕಂಡಿತು. ಆ ಪರಿಷ್ಕರಣೆಯ ಕೆಲಸದಲ್ಲಿ ಬೆಂಜಮಿನ್ ರೈಸ್ ಮುಖ್ಯ ಪಾತ್ರ ವಹಿಸಿದರು. ಇತರ ಮಿಷನ್ನುಗಳ ಕನ್ನಡ ಬಲ್ಲ ಪಾದ್ರಿಗಳೊಂದಿಗೆ ಕುಳಿತು ಪದ ಪದಕ್ಕೂ ತೂಕ ನೋಡುವ, ವರ್ಷಗಟ್ಟಲೆ ನಡೆದ ಕೆಲಸ ಅದು.

ಪಾದ್ರಿಯ ಹೆಂಡತಿ ಎಂದರೆ ಮನೆಯೊಳಗೆ ಕುಳಿತವರಲ್ಲ. ಹೆಣ್ಣುಮಕ್ಕಳು ಐಗಳ ಮಠಕ್ಕೆ ಹೋಗಿ ಮರಳಿನ ಮೇಲೆ ಅಕ್ಷರ ತಿದ್ದುವುದು ಆಗ ಅಪರೂಪದ ಸಂಗತಿ. 1840ರ ದಶಕದ ಮೊದಲ ವರ್ಷಗಳಲ್ಲಿ ಶ್ರೀಮತಿ ರೈಸ್ ಮತ್ತು ಅವರ ಸಹೋದ್ಯೋಗಿಯ ಪತ್ನಿ ಶ್ರೀಮತಿ ಸೀವೆಲ್ ಸೇರಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಬೆಂಗಳೂರು ಪೇಟೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅದು ತೀರ ಮೊದಲಿನದು. ಮುಂದೆ ಮಿತ್ರಾಲಯ ಬಾಲಿಕಾ ಪ್ರೌಢಶಾಲೆಯಾಗಿ ಬೆಳೆದದ್ದು ಇದೇ.

ಹೀಗೆ ಐವತ್ತು ವರ್ಷ. ನಡುವೆ ಎಷ್ಟೋ ಕಮಿಷನರುಗಳು, ಸೇನಾಧಿಕಾರಿಗಳು ಬಂದು ಹೋದರು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಬೆಂಜಮಿನ್ ರೈಸ್ ಮಾತ್ರ ಬೆಂಗಳೂರಿನಲ್ಲೇ ಉಳಿದು, 1887ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ಇಂದು ಅವೆನ್ಯೂ ರಸ್ತೆಯ ಗದ್ದಲದ ನಡುವೆ ನಿಂತಿರುವ ರೈಸ್ ಸ್ಮಾರಕ ದೇವಾಲಯ ಅವರ ಹೆಸರಿನದು. ಹಳೆಯ ಕಟ್ಟಡವನ್ನು ಕೆಡವಿ ಕಟ್ಟಿದ ಈಗಿನ ಕಟ್ಟಡ 1917ರಲ್ಲಿ ಬಳಕೆಗೆ ಬಂತು.

ಮಕ್ಕಳು ತೆತ್ತ ಬೆಲೆ

ಇಂಥ ಸಂಸಾರಗಳ ಬಗ್ಗೆ ಬರೆಯುವಾಗ ತಂದೆಯ ಸಾಹಸವನ್ನು ಹೇಳಿ ಮುಗಿಸುವುದು ವಾಡಿಕೆ. ಆದರೆ ಮಕ್ಕಳು ಏನು ತೆತ್ತರು ಎಂಬುದನ್ನೂ ನೋಡಬೇಕು.

ಮೊಫಾಟರ ಹಿರಿಯ ಮಗಳು ಮೇರಿ 1845ರಲ್ಲಿ ಮದುವೆಯಾದದ್ದು ಡೇವಿಡ್ ಲಿವಿಂಗ್‌ಸ್ಟನ್ನರನ್ನು. ಆಫ್ರಿಕಾ ಖಂಡದ ಒಳನಾಡನ್ನು ಸುತ್ತಿ ಲೋಕಪ್ರಸಿದ್ಧರಾದ ಅದೇ ಲಿವಿಂಗ್‌ಸ್ಟನ್. ಅವರೂ ಆಗ ಲಂಡನ್ ಮಿಷನ್ನಿನ ಕೆಲಸಗಾರರೇ. ಮೇರಿ ಎಳೆಯ ಮಕ್ಕಳನ್ನು ಕಟ್ಟಿಕೊಂಡು ಗಂಡನೊಂದಿಗೆ ಎತ್ತಿನ ಗಾಡಿಯಲ್ಲಿ ಕಲಹರಿ ಮರುಭೂಮಿಯನ್ನು ದಾಟಿದರು. 1850ರಲ್ಲಿ ಹುಟ್ಟಿದ ಹೆಣ್ಣುಕೂಸು ಆರು ವಾರಗಳಲ್ಲೇ ತೀರಿಕೊಂಡಿತು. 1852ರಲ್ಲಿ ಲಿವಿಂಗ್‌ಸ್ಟನ್ ಹೆಂಡತಿ ಮಕ್ಕಳನ್ನು ಕೇಪ್‌ಟೌನಿನಿಂದ ಹಡಗು ಹತ್ತಿಸಿ ಬ್ರಿಟನ್ನಿಗೆ ಕಳುಹಿಸಿದರು. ಆ ಮಕ್ಕಳು ತಂದೆಯ ಮುಖ ಮತ್ತೆ ಕಂಡದ್ದು ನಾಲ್ಕು ವರ್ಷಗಳ ಮೇಲೆ. ಮೇರಿ 1862ರಲ್ಲಿ ಜಾಂಬೆಜಿ ನದಿಯ ದಂಡೆಯಲ್ಲಿ ಜ್ವರದಿಂದ ತೀರಿಕೊಂಡರು. ಲೋಕ ಲಿವಿಂಗ್‌ಸ್ಟನ್ನರನ್ನು ಕೊಂಡಾಡಿತು. ಆ ತಾಯಿಯ ಲೆಕ್ಕ ಬರೆದವರು ಕಡಿಮೆ.

ಭಾರತದಲ್ಲಿದ್ದ ಪಾದ್ರಿ ಮನೆಗಳಲ್ಲೂ ಅಗಲಿಕೆ ಎಂಬುದು ನಿಯಮವೇ ಆಗಿತ್ತು. ಮಕ್ಕಳು ಓದುವ ವಯಸ್ಸಿಗೆ ಬಂದರೆ ಇಂಗ್ಲೆಂಡಿಗೆ ಹಡಗು ಹತ್ತಬೇಕು. ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಬೆಂಜಮಿನ್ ರೈಸರ ಮಗ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರ ಜುಲೈ 17ರಂದು. ತಂದೆ ತಾಯಿ ಊರಿಗೆ ಬಂದ ವರ್ಷವೇ. ವಿದ್ಯಾಭ್ಯಾಸ ನಡೆದದ್ದು ಮಾತ್ರ ಇಂಗ್ಲೆಂಡಿನಲ್ಲಿ. ಇಂದು ಎಳೆಯ ಮಕ್ಕಳನ್ನು ದೂರದ ವಸತಿ ಶಾಲೆಗೆ ಸೇರಿಸಿ ಕಣ್ಣೊರೆಸಿಕೊಳ್ಳುತ್ತಾ ಬಸ್ಸು ಹತ್ತುವ ತಂದೆ ತಾಯಂದಿರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಹೋಬಳಿಗೊಂದು ಶಾಲೆ

ಲೂಯಿಸ್ ರೈಸ್ 1860ರಲ್ಲಿ ಹುಟ್ಟಿದೂರಿಗೆ ಮರಳಿದರು. ಆದರೆ ತಂದೆಯಂತೆ ಪಾದ್ರಿಯಾಗಿ ಅಲ್ಲ, ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ. ಮುಂದೆ ಸೆಂಟ್ರಲ್ ಕಾಲೇಜ್ ಎಂದು ಹೆಸರು ಪಡೆದದ್ದು ಈ ಶಾಲೆಯೇ. 1865ರಲ್ಲಿ ಅವರು ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಮುಂದೆ ಮೈಸೂರು ಮತ್ತು ಕೊಡಗಿನ ವಿದ್ಯಾ ಇಲಾಖೆಯ ಹೊಣೆಯೇ ಅವರ ಹೆಗಲಿಗೆ ಬಂತು.

ಆ ಕಾಲದ ಸರ್ಕಾರಿ ಶಾಲೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿದ್ದವು. ರೈತರ ಮಕ್ಕಳಿಗೆ ಇದ್ದದ್ದು ಊರಿನ ಕೂಲಿಮಠ. ಐಗಳಿಗೆ ಕಾಯಂ ಸಂಬಳವಿಲ್ಲ, ತರಬೇತಿಯಿಲ್ಲ. ರೈಸ್ ಮುಂದಿಟ್ಟ ಹೋಬಳಿ ಶಾಲೆಗಳ ಯೋಜನೆಗೆ 1868ರಲ್ಲಿ ಮಂಜೂರಾತಿ ಸಿಕ್ಕಿತು. ಪ್ರತಿ ಹೋಬಳಿಗೂ ಒಂದು ಸರ್ಕಾರಿ ಕನ್ನಡ ಶಾಲೆ ಎಂಬುದು ಅದರ ಗುರಿ. ಉಪಾಧ್ಯಾಯರನ್ನು ಹೊರಗಿನಿಂದ ಕರೆತರುವ ಬದಲು, ಸ್ಥಳೀಯರಿಗೇ ತರಬೇತಿ ಶಾಲೆಗಳಲ್ಲಿ ಪಾಠ ಹೇಳಿಕೊಟ್ಟು ಊರಿಗೆ ಕಳುಹಿಸುವುದು ಅದರ ಮುಖ್ಯ ಅಂಶ. ಹಳೆಯ ಮೈಸೂರಿನ ಹಳ್ಳಿಗಾಡಿನಲ್ಲಿ ಸರ್ಕಾರಿ ಪ್ರಾಥಮಿಕ ಶಿಕ್ಷಣ ಬೇರುಬಿಟ್ಟದ್ದು ಈ ಶಾಲೆಗಳಿಂದ. ಇಂದು ಹಿರೇನಲ್ಲೂರಿನಂಥ ಹೋಬಳಿ ಕೇಂದ್ರದಲ್ಲಿ ಶಾಲೆಯ ಗಂಟೆ ಬಾರಿಸುವುದು ಯಾರಿಗೂ ಅಚ್ಚರಿಯಲ್ಲ. ಅದು ಅಚ್ಚರಿಯಾಗಿದ್ದ ಕಾಲವೂ ಒಂದಿತ್ತು ಎಂಬುದನ್ನು ಮಕ್ಕಳು ತಿಳಿದಿರಬೇಕು.

ತಾಯಿ ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಮಗ ಹೋಬಳಿಗಳಿಗೆ ಶಾಲೆಯ ಯೋಜನೆ ತಂದರು. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ತಾಯಿಯದು ಮತಪ್ರಚಾರದ ಅಂಗವಾಗಿ ಹುಟ್ಟಿದ ಶಾಲೆ. ಮಗನದು ಸರ್ಕಾರದ ಶಾಲೆ.

ಕಲ್ಲನ್ನು ಓದಿಸಿದ ಮಗ

ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ರೈಸರ ಕಣ್ಣಿಗೆ ಬಿದ್ದದ್ದು ಶಾಸನದ ಕಲ್ಲುಗಳು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅವು ನಿಂತಿದ್ದವು. ಕೆಲವು ಮಣ್ಣಲ್ಲಿ ಹೂತುಹೋಗಿದ್ದವು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ಇಂಥ ಕೆಲವು ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವನ್ನು ಓದಿ ಅರ್ಥ ಹೇಳುವ ಕೆಲಸ ರೈಸರ ಪಾಲಿಗೆ ಬಂತು. ಅದರ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಪುಸ್ತಕ ಹೊರಬಂತು. ಮುಂದೆ ಪ್ರಾಚ್ಯವಸ್ತು ಸಂಶೋಧನೆಯೇ ಅವರ ಉದ್ಯೋಗವಾಯಿತು.

ಆ ಮೇಲಿನದು ಕನ್ನಡಿಗರೆಲ್ಲರೂ ಹೆಮ್ಮೆಪಡುವ ಎಪಿಗ್ರಾಫಿಯಾ ಕರ್ನಾಟಿಕಾ. 1886ರಿಂದ 1905ರೊಳಗೆ 12 ಸಂಪುಟಗಳು, ಸುಮಾರು 9000 ಶಾಸನಗಳು. ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯಬೇಕು. ಸವೆದ ಅಕ್ಷರಗಳನ್ನು ಕೂಡಿಸಿ ಓದಬೇಕು. ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ ಅಚ್ಚು ಹಾಕಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ ಇದು. ಹಳಗನ್ನಡ, ಸಂಸ್ಕೃತ ಬಲ್ಲ ಇಲ್ಲಿನ ಪಂಡಿತರು ಜೊತೆಗಿದ್ದರು. ಕವಿಚರಿತೆಯಿಂದ ಹೆಸರಾದ ಆರ್. ನರಸಿಂಹಾಚಾರ್ಯರು 1899ರಿಂದ ಅವರ ಸಹಾಯಕರಾಗಿದ್ದು, 1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದದ್ದು ರೈಸರ ಕಾಲದ ದೊಡ್ಡ ಸಾಧನೆ.

ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಈ ಜಿಲ್ಲೆಯ ಶಾಸನಗಳು 1901ರಲ್ಲಿ ಆರನೆಯ ಸಂಪುಟವಾಗಿ ಬಂದವು. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರಾಗಿ ಜೋಡಿಸಿ ಸಂಖ್ಯೆ ಕೊಡಲಾಗಿದೆ. ಕಡೂರು ತಾಲ್ಲೂಕಿನ ಮೊದಲ ಶಾಸನವೇ ಒಂದು ಮನಮುಟ್ಟುವ ದಾಖಲೆ. ಗಂಗ ಅರಸು ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯ ಸುಖ ಬಿಟ್ಟು, ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹ ಬಿಟ್ಟಳು ಎಂದು ಕಡೂರಿನ ಕಂಬದ ಮೇಲೆ ಕೆತ್ತಿದೆ. ಸಾವಿರ ವರ್ಷ ಕಂಬ ಅಲ್ಲೇ ನಿಂತಿದ್ದರೂ ಪಾಂಬಬ್ಬೆಯ ಕಥೆ ಶಾಲೆಯ ಹುಡುಗರವರೆಗೆ ಬಂದದ್ದು ಅದು ಪುಸ್ತಕದಲ್ಲಿ ಅಚ್ಚಾದ ಮೇಲೆ.

ಇಲ್ಲಿ ಒಂದು ವಿಚಿತ್ರವಿದೆ. ತಂದೆ ಬಂದದ್ದು ಒಂದು ಧರ್ಮಗ್ರಂಥವನ್ನು ಕನ್ನಡಿಗರಿಗೆ ಕೊಡಲು. ಮಗನ ಬಾಳು ಸವೆದದ್ದು ಶಿವಾಲಯಕ್ಕೆ ಬಿಟ್ಟ ಗದ್ದೆ, ಬಸದಿಗೆ ಕೊಟ್ಟ ದತ್ತಿ, ಅಗ್ರಹಾರಕ್ಕೆ ಹಾಕಿದ ಎಲ್ಲೆಕಲ್ಲು, ತುರುಗಳನ್ನು ಕಾಯಲು ಹೋಗಿ ಮಡಿದ ವೀರನ ಕಲ್ಲು ಇವುಗಳ ಲೆಕ್ಕ ಬರೆಯುವುದರಲ್ಲಿ. ಪಂಪಭಾರತ, ಪಂಪರಾಮಾಯಣ, ಕನ್ನಡ ಅರ್ಥಸಹಿತವಾದ ಅಮರಕೋಶ ಮುಂತಾದುವನ್ನು ಓಲೆಗರಿಯಿಂದ ಅಚ್ಚಿಗೆ ತಂದವರಲ್ಲೂ ಲೂಯಿಸ್ ರೈಸ್ ಒಬ್ಬರು. ತಮ್ಮ ಎಡ್ವರ್ಡ್ ರೈಸ್ ತಂದೆಯಂತೆ ಪಾದ್ರಿಯೇ ಆದರು. ತಂದೆಯ ಐವತ್ತು ವರ್ಷದ ಸೇವೆಯ ಚರಿತ್ರೆ ಬರೆದರು. ಆದರೆ ಕನ್ನಡಿಗರು ಅವರನ್ನು ಇಂದು ನೆನೆಯುವುದು ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆಗಾಗಿ. ಪಂಪ, ಬಸವಣ್ಣ, ಕುಮಾರವ್ಯಾಸರನ್ನು ಹೊರಗಿನ ಓದುಗರಿಗೆ ಪರಿಚಯಿಸಿದ ಪುಟ್ಟ ಪುಸ್ತಕ ಅದು.

ಹೊಗಳಿಕೆ ಎಷ್ಟು, ತಕರಾರು ಎಷ್ಟು

ಹಾಗೆಂದು ಎಲ್ಲವನ್ನೂ ಹೊಗಳಿ ಮುಗಿಸಬೇಕಾಗಿಲ್ಲ. ಮಿಷನರಿಗಳು ಬಂದದ್ದು ಇಲ್ಲಿನವರ ದೇವರು ದಿಂಡರು ಸುಳ್ಳು ಎಂದು ಹೇಳುವುದಕ್ಕೆ. ಅವರ ವರದಿಗಳಲ್ಲಿ ಇಲ್ಲಿನ ಆಚಾರಗಳ ಬಗ್ಗೆ ತಾತ್ಸಾರದ ಮಾತುಗಳು ಬೇಕಾದಷ್ಟಿವೆ. ಬೆನ್ನಿಗೆ ಬ್ರಿಟಿಷ್ ಆಡಳಿತದ ಬಲವಿತ್ತು. ಆಫ್ರಿಕಾದಲ್ಲಂತೂ ಪಾದ್ರಿಗಳು ತೆರೆದ ದಾರಿಯಲ್ಲಿ ವ್ಯಾಪಾರಿಗಳು, ಅವರ ಹಿಂದೆ ಬಂದೂಕಿನವರು ನಡೆದುಬಂದರು. ಈ ಅಸಮಾಧಾನ ಇಂದಿಗೂ ಇದೆ. ಅದು ಅಕಾರಣವೂ ಅಲ್ಲ.

ಆದರೆ ಇನ್ನೊಂದು ಮಾತೂ ನಿಜ. ಯಾರನ್ನು ಬದಲಾಯಿಸಲು ಬಂದರೋ ಅವರ ಭಾಷೆಯನ್ನು ಅಕ್ಷರ ಅಕ್ಷರವಾಗಿ ಕಲಿತವರು, ಬಂದಾಗ ಇದ್ದಂತೆಯೇ ಉಳಿಯಲಾರರು. ರೈಸ್ ಮನೆಯ ಕಥೆ ಒಂಟಿಯಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1828ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿಗೂ, ಅಂದರೆ ಇಂದಿನ ಘಾನಾಕ್ಕೂ, 1834ರಲ್ಲಿ ಮಂಗಳೂರಿಗೂ ಕೆಲಸಗಾರರನ್ನು ಕಳುಹಿಸಿತು. ಅಲ್ಲಿಗೆ ಹೋದ ಕ್ರಿಸ್ಟಾಲರ್ 1881ರಲ್ಲಿ ಟ್ವಿ ಭಾಷೆಯ ನಿಘಂಟು ಪ್ರಕಟಿಸಿದರು. ಇಲ್ಲಿಗೆ ಬಂದ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಕಿಟ್ಟೆಲರ ಮೊದಲ ಹೆಂಡತಿ ಪಾಲಿನ್ ಮದುವೆಯಾದ ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ ತೀರಿಕೊಂಡಿದ್ದರು. ನಾವು ಇಂದು ಸಲೀಸಾಗಿ ಪುಟ ತಿರುವುವ ನಿಘಂಟಿನ ಹಿಂದೆ ಇಂಥ ಮನೆಗಳ ನೋವೂ ಸೇರಿದೆ.

ಲೂಯಿಸ್ ರೈಸ್ ನಿವೃತ್ತಿಯ ನಂತರ ಇಂಗ್ಲೆಂಡಿನಲ್ಲಿ ನೆಲೆಸಿ, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಏಳು ದಿನ ಇರುವಾಗ ತೀರಿಕೊಂಡರು. ಅವರ ಸಂಪುಟಗಳನ್ನು ತಿದ್ದಿ, ಹೊಸ ಶಾಸನಗಳನ್ನು ಸೇರಿಸಿ ಮತ್ತೆ ಹೊರತರುವ ಕೆಲಸವನ್ನು ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಕೈಗೆತ್ತಿಕೊಂಡಿತು. ರೈಸರ ಓದಿನಲ್ಲಿ ತಪ್ಪುಗಳಿದ್ದವು. ಅವನ್ನು ತಿದ್ದಿದವರು ಕನ್ನಡದ ವಿದ್ವಾಂಸರೇ. ವಿದ್ಯೆ ಬೆಳೆಯುವುದು ಹಾಗೆಯೇ ತಾನೆ?

ಹಳೆಯ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಇವೆ, ಈಗ ಗಣಕಯಂತ್ರದ ತೆರೆಯ ಮೇಲೂ ಓದಲು ಸಿಗುತ್ತವೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಆರನೆಯ ಸಂಪುಟ ತೆಗೆದು ತಮ್ಮ ಊರಿನ ಹೆಸರು ಹುಡುಕಬೇಕು. ಸಿಕ್ಕಿದ ಶಾಸನದ ಕಲ್ಲು ಈಗಲೂ ಇದೆಯೇ, ಇದ್ದರೆ ಯಾವ ಸ್ಥಿತಿಯಲ್ಲಿದೆ ಎಂದು ಹೋಗಿ ನೋಡಬೇಕು. ಕೆಲವು ಕಡೆ ಕಲ್ಲು ಬಟ್ಟೆ ಒಗೆಯುವ ಹಾಸಾಗಿರಬಹುದು, ಕೆಲವು ಕಡೆ ಮೇಲೆ ಸುಣ್ಣ ಬಳಿದಿರಬಹುದು. ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಏಕೆಂದರೆ ಪುಸ್ತಕದಲ್ಲಿ ಇಲ್ಲದ ಕಲ್ಲು ಎಲ್ಲಿದೆ ಎಂಬುದು ಅವರಿಗೇ ಗೊತ್ತಿರುತ್ತದೆ.